ಹದಿನಾಲ್ಕನೇ ಹಾಸಿಗೆ

ಗೇಟಿನ ಮೇಲೆ ಹೊಸದಾಗಿ ಬಳಿದ ಡಾಲ್ಫಿನ್.
ಇಸ್ಸಿಕ್-ಕುಲ್ ಸರೋವರದಲ್ಲಿ ಡಾಲ್ಫಿನ್ ಇಲ್ಲ,
ಇರಲಿ ಬಿಡಿ, ನಗುತ್ತಿದೆಯಲ್ಲ.
ಜೂನ್ ಒಂದಕ್ಕೆ ಮೊದಲ ಬಸ್ಸು.
ಬಿಷ್ಕೆಕ್ಕಿನ ಮಕ್ಕಳು, ಅಲ್ಮಾಟಿಯ ಮಕ್ಕಳು,
ರೈಲಿನಲ್ಲಿ ಕೂತೂ ಕೂತೂ ಬಂದ ಟಾಮ್ಸ್ಕಿನವು ಒಂದಿಷ್ಟು,
ಕುತ್ತಿಗೆಗೆ ಹೆಸರಿನ ಚೀಟಿ,
ಹೊಟ್ಟೆಯಲ್ಲಿ ಇನ್ನೂ ಕುಲುಕುವ ಕಣಿವೆಯ ರಸ್ತೆ.
ಒಬ್ಬ ಇಳಿದವನೇ ವಾಂತಿ ಮಾಡಿಕೊಂಡ.
ಸ್ವಾಗತದ ಹಾಡು ನಿಲ್ಲಲಿಲ್ಲ.

ನಾನು ಸಾಯ್ರಕಾನ್, ಇಲ್ಲಿ ಬಟ್ಟೆ ಒಗೆಯುವವಳು.
ಇಪ್ಪತ್ತೊಂದು ದಿನಕ್ಕೆ ಒಂದು ಪಾಳಿ,
ಬೇಸಿಗೆಗೆ ನಾಲ್ಕು. ಪಾಳಿಗೆ ಇನ್ನೂರ ಹದಿನಾರು ಹಾಸಿಗೆ.
ಮುಖಗಳು ನೆನಪಿರುವುದಿಲ್ಲ ನನಗೆ.
ಚಾದರ ಹೇಳಿದಷ್ಟೇ ಗೊತ್ತು:
ಕದ್ದು ತಿಂದ ಏಪ್ರಿಕಾಟಿನ ಕಲೆ ಯಾವುದು,
ಹಲ್ಲು ಬಿದ್ದ ರಾತ್ರಿಯ ರಕ್ತ ಯಾವುದು,
ಮಲಗಿದ ಮೇಲೂ ಯಾರು ಮರಳಿನಲ್ಲೇ ಓಡುತ್ತಿದ್ದರು.

ಬಣ್ಣದ ಕರಪತ್ರದಲ್ಲಿ ಬರೆದಿದೆ:
ಹಿಮಶಿಖರಗಳ ನೋಟ, ದಿನಕ್ಕೆ ಐದು ಊಟ,
ಮರೆಯಲಾಗದ ಗೆಳೆತನ.
ಒಂದು ಪಾಳಿಯ ಬೆಲೆ ನನ್ನ ಎರಡು ತಿಂಗಳ ಸಂಬಳ.
ಕೊಂಡವರು ದೊಡ್ಡವರು, ಕಳಿಸಿದವರು ದೊಡ್ಡವರು,
ಸವೆಸಬೇಕಾದವರು ಮಾತ್ರ
ಲೇಸು ಕಟ್ಟಲು ಬಾರದ ಈ ಪ್ರವಾಸಿಗಳು.
ಸರೋವರ ಯಾಕೆ ಉಪ್ಪು ಅಂತ ಕೇಳುತ್ತವೆ.
ರಾಜಕುಮಾರಿಯೊಬ್ಬಳು ಅತ್ತಳಂತೆ ಎಂದು ಗೈಡು ಕತೆ ಕಟ್ಟುತ್ತಾನೆ.
ಯಾರೂ ಅತ್ತಿಲ್ಲ ಕಂದಾ,
ನೀರು ಬಂದು ಸೇರುತ್ತದೆ,
ಹೊರಗೆ ಹರಿಯಲು ದಾರಿಯಿಲ್ಲ. ಅಷ್ಟೆ.

ಈ ಸಲ ಎರಡನೇ ಪಾಳಿಯಲ್ಲಿ
ಹದಿನಾಲ್ಕನೇ ಹಾಸಿಗೆ ದಿನಾ ಒದ್ದೆ.
ಟಾಮ್ಸ್ಕಿನ ರೊದಿಯೋನ್, ಎಂಟು ವರ್ಷ.
ಚಾದರವನ್ನು ತಾನೇ ಮಡಿಸಿ, ಮಡಿಕೆಯೊಳಗೆ ಮಡಿಕೆ ಸೇರಿಸಿ,
ಬುತ್ತಿ ಗಂಟಿನಷ್ಟು ಮಾಡಿ ಇಟ್ಟಿರುತ್ತಿದ್ದ.
ನಾನು ಹೆಚ್ಚೇನೂ ಮಾಡಲಿಲ್ಲ.
ಹಾಸಿಗೆಯಡಿ ಒಂದು ಒಣ ಚಾದರ ಇಟ್ಟು ಬರುತ್ತಿದ್ದೆ.
ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.
ಹದಿನೇಳನೇ ದಿನ ಗಂಟು ಇರಲಿಲ್ಲ.
ದಿಂಬಿನ ಕೆಳಗೊಂದು ಕಾಗದ, ಅಂಚೆ ಕಾಣದ್ದು:
"ಅಮ್ಮಾ, ಇಲ್ಲಿ ಎಲ್ಲಾ ಚೆನ್ನಾಗಿದೆ. ಬೇಗ ಬಾ."
ಹದಿನೆಂಟಕ್ಕೆ ಈಜು ಕಲಿತನಂತೆ.
ಹೋಗುವ ದಿನ ಬಸ್ಸಿಗೆ ಹತ್ತಲೊಲ್ಲೆ ಎಂದು
ಕಂಬ ತಬ್ಬಿ ಅತ್ತವರಲ್ಲಿ ಇವನದೇ ದೊಡ್ಡ ದನಿ.

ಪಾಳಿಗೂ ಪಾಳಿಗೂ ನಡುವೆ ಒಂದು ಖಾಲಿ ದಿನ.
ಧ್ವಜವಿಲ್ಲದ ಕಂಬ, ಒಂಟಿ ಚಪ್ಪಲಿಗಳ ಡಬ್ಬ,
ಯಾರಿಗೂ ಹೆದರದೆ ಊಟದ ಮೇಜಿನ ಮೇಲೆ ನಡೆವ ಕಾಗೆ.
ಆ ದಿನ ಮೊಮ್ಮಗಳು ಅಯ್‌ಚುರೆಕ್‌ಳನ್ನು
ಹಿಂದಿನ ಬಾಗಿಲಿನಿಂದ ಒಳಗೆ ಬಿಟ್ಟುಕೊಂಡೆ.
ಬೇಲಿಯ ಆಚೆ ಬಕೆಟ್ಟಿನಲ್ಲಿ ಏಪ್ರಿಕಾಟ್ ಮಾರುವವಳು,
ಕಂಬಿಗಳ ಸಂದಿನಿಂದ ಹಣ್ಣು ದಾಟಿಸುವವಳು,
ಮೂರು ಬೇಸಿಗೆಯಿಂದ ಒಂದೇ ಪ್ರಶ್ನೆ:
"ಒಳಗೆ ಏನು ಮಾಡ್ತಾರೆ ಅಜ್ಜಿ?"

ಸಾಲು ಹಾಸಿಗೆಗಳ ನಡುವೆ ನಡೆದಳು,
ಸಂತೆಯಲ್ಲಿ ಕುದುರೆ ನೋಡುವವಳ ಹಾಗೆ.
ಯಾಕೋ, ಹದಿನಾಲ್ಕನೆಯದನ್ನೇ ಆರಿಸಿ ಮಲಗಿದಳು.
ಕಣ್ಣು ಮುಚ್ಚಿದಳು. ತೆರೆದಳು.
"ಈಗ ಮನೆ ನೆನೆಸಿಕೊಂಡು ಅಳಬೇಕಾ?"
"ಅದು ರಾತ್ರಿಗೆ," ಅಂದೆ.
"ಹಾಗಾದ್ರೆ ಕಾಗದ ಬರೀತೀನಿ."
ಹಳೆಯ ಊಟದ ಪಟ್ಟಿಯ ಹಿಂದೆ,
ನಾಲಗೆಯ ತುದಿ ಕಚ್ಚಿಕೊಂಡು,
ಎದುರಿಗೇ ನಿಂತ ನನಗೆ ಬರೆದಳು:
"ಅಜ್ಜಿ, ಕಿಟಕಿಯಿಂದ ನಮ್ಮ ಮನೆ ಕಾಣುತ್ತೆ.
ಇಷ್ಟು ಚಿಕ್ಕದು ಅಂತ ಗೊತ್ತಿರಲಿಲ್ಲ."

ಓದಿ ಮಡಿಸಿ ಏಪ್ರನ್ ಜೇಬಿಗೆ ಹಾಕಿಕೊಂಡೆ.
ಕಾಲೆತ್ತು, ಅಂದೆ.
ಇಡೀ ಚಾದರ ಮರಳು.
ಬೆಳಿಗ್ಗೆ ಏಳಕ್ಕೆ ಬಸ್ಸು.